ಸಂಚಕಾರ

ಕಳೆದ ತಿಂಗಳು ಯಲಹಂಕದ ನಮ್ಮ ಮನೆಗೆ ನೆರೆಮನೆಯ ತರುಣನೊಬ್ಬನು ಬಹಳ ಅಸಮಾಧಾನದಿಂದ ಬಂದನು. ಎಚ್.ಎಂ.ಟಿ. ಕೈಗಡಿಯಾರಗಳನ್ನು ಸಂಗ್ರಹಿಸುವುದು ಅವನ ಹವ್ಯಾಸ. 1961ರಿಂದ ಬೆಂಗಳೂರಿನಲ್ಲಿ ತಯಾರಾಗಿ ಮನೆಮನೆಯಲ್ಲಿಯೂ ಇದ್ದ ಆ ಗಡಿಯಾರಗಳಿಗೆ, 2016ರಲ್ಲಿ ಕೇಂದ್ರ ಸರ್ಕಾರವು ಆ ಸಂಸ್ಥೆಯನ್ನು ಮುಚ್ಚಲು ತೀರ್ಮಾನಿಸಿದ ಮೇಲೆ ಸಂಗ್ರಾಹಕರಲ್ಲಿ ಆದರವು ಹೆಚ್ಚಿದೆ. ಯಶವಂತಪುರದ ವೃದ್ಧೆಯೊಬ್ಬರು ತಮ್ಮ ಗತಿಸಿದ ಪತಿಯ 'ಜನತಾ' ಗಡಿಯಾರವನ್ನು ನಾಲ್ಕು ಸಾವಿರ ರೂಪಾಯಿಗೆ ಕೊಡಲೊಪ್ಪಿದ್ದರು. ಇವನು ಅದನ್ನು ಕಣ್ಣಿನಿಂದ ನೋಡದೆಯೇ, ಹಿಂದಿರುಗಿಸತಕ್ಕದ್ದಲ್ಲವೆಂಬ ಕರಾರಿನ ಮೇಲೆ ಐನೂರು ರೂಪಾಯಿ ಮುಂಗಡ ಕೊಟ್ಟನು. ಹದಿನೈದು ದಿನಗಳಲ್ಲಿ ಬೇರೆಡೆ ಅಗ್ಗದ ಗಡಿಯಾರವೊಂದು ಕಂಡಿತು, ಮನಸ್ಸು ತಿರುಗಿತು.

"ಮೇಷ್ಟ್ರೇ, ವಸ್ತುವನ್ನೇ ನಾನು ತೆಗೆದುಕೊಳ್ಳಲಿಲ್ಲ. ಹಣವನ್ನು ಅವರು ಇಟ್ಟುಕೊಳ್ಳುವುದು ನ್ಯಾಯವೇ?" ಎಂದು ಕೇಳಿದನು.

"ಆ ಹದಿನೈದು ದಿನ ಅದನ್ನು ಕೇಳಿಬಂದ ಬೇರೆಯವರನ್ನು ಆಕೆ ಹಿಂದಕ್ಕೆ ಕಳುಹಿಸಿದರಷ್ಟೆ, ಅಪ್ಪಾ?" ಎಂದೆನು. ಇಬ್ಬರನ್ನು ಕಳುಹಿಸಿದ್ದರೆಂದು ಅವನೇ ಒಪ್ಪಿದನು.

ಮುಂಗಡಕ್ಕೆ ನಮ್ಮ ಹಿರಿಯರು ಸಂಚಕಾರವೆನ್ನುತ್ತಿದ್ದರು. ಇದು ಸಂಸ್ಕೃತದ 'ಸತ್ಯಂಕಾರ' ಶಬ್ದದ ತದ್ಭವ; ಆಡಿದ ಮಾತನ್ನು ಸತ್ಯಮಾಡುವುದೆಂದು ಅರ್ಥ. ಯಾಜ್ಞವಲ್ಕ್ಯಸ್ಮೃತಿಗೆ ನಮ್ಮ ಕಲ್ಯಾಣದ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಇದನ್ನು ಸ್ಪಷ್ಟವಾಗಿ ವಿವರಿಸಿದ್ದಾನೆ. ಉಂಗುರ ಮೊದಲಾದುದನ್ನು ಸಂಚಕಾರವಾಗಿ ಕೊಟ್ಟವನೇ ಮಾತು ತಪ್ಪಿದರೆ ಕೊಟ್ಟುದು ಹೋಯಿತು. ಪಡೆದವನು ತಪ್ಪಿದರೆ ಅದರ ಎರಡರಷ್ಟನ್ನು ಹಿಂದಿರುಗಿಸತಕ್ಕದ್ದು. ಮಾತು ತಪ್ಪಿದರೆ ಕೊಳ್ಳುವವನಿಗೂ ಮಾರುವವನಿಗೂ ನಷ್ಟವು ಸಮವೆಂಬುದನ್ನು ವಾಚಕರು ಗಮನಿಸಬೇಕು.

ಇಂದಿನ ನ್ಯಾಯವೂ ಇದಕ್ಕೆ ಬಹುದೂರವಿಲ್ಲ. ಮಾತಿಗೆ ಭದ್ರತೆಯಾಗಿ ಕೊಟ್ಟ ಮಿತವಾದ ಸಂಚಕಾರವನ್ನು ಇಟ್ಟುಕೊಳ್ಳುವುದು ದಂಡವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1969ರಲ್ಲಿ ಮೌಲಾ ಬಕ್ಷ್ ಪ್ರಕರಣದಲ್ಲಿ ಹೇಳಿದೆ. ಮಿತವಾದ ಎಂಬ ಮಾತು ಮುಖ್ಯ. ಅರ್ಧ ಬೆಲೆಯನ್ನು ಪಡೆದು ಅದಕ್ಕೆ ಸಂಚಕಾರವೆಂದು ಹೆಸರಿಟ್ಟ ಮಾತ್ರಕ್ಕೆ ಅದು ಸಂಚಕಾರವಾಗದು.

ಪರೀಕ್ಷೆಯ ಹೊಣೆಯಾದರೋ ಕೊಳ್ಳುವವನದು. ಮೊದಲೇ ಗುಣದೋಷಗಳನ್ನು ನೋಡಿ ಮೆಚ್ಚಿಕೊಂಡ ವಸ್ತುವನ್ನು ಮತ್ತೆ ಹಿಂದಿರುಗಿಸಲಾಗದೆಂದು ನಾರದಸ್ಮೃತಿ ಹೇಳುತ್ತದೆ. 1930ರ ಸರಕು ಮಾರಾಟ ಕಾಯಿದೆಯಂತೆ, ಅಂಥ ವಸ್ತುಗಳ ವ್ಯಾಪಾರಿಯಲ್ಲದ ಗೃಹಸ್ಥನು ಮಾರಿದ ಪದಾರ್ಥದ ಗುಣಕ್ಕೆ ಸಾಮಾನ್ಯವಾಗಿ ತಾನಾಗಿ ಬರುವ ಖಾತರಿಯಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗೋಣವೆಂದರೆ, ಅದು ವ್ಯಾಪಾರಿಗಳ ಮೇಲಣ ದೂರಿಗೇ ಹೊರತು ಮನೆಯ ಹಳೆಯ ವಸ್ತುವೊಂದನ್ನು ಮಾರಿದ ವೃದ್ಧೆಯ ಮೇಲಣ ದೂರಿಗಲ್ಲ.

ಹಾಗೆಂದು ಮಾರುವವರು ಏನನ್ನಾದರೂ ಹೇಳಬಹುದೆಂದಲ್ಲ. ವಿವರಿಸಿ ಮಾರಿದ ವಸ್ತುವು ಆ ವಿವರಣೆಗೆ ಸರಿಹೊಂದಲೇಬೇಕೆಂದು ಅದೇ ಕಾಯಿದೆ ವಿಧಿಸುತ್ತದೆ. ಮೂಲಮುಖವೆಂದು ಹೇಳಿದ ಗಡಿಯಾರದ ಮುಖಕ್ಕೆ ಹೊಸದಾಗಿ ಬಣ್ಣ ಹೊಡೆದಿದ್ದರೆ, ಅಥವಾ ಒಳಗೆ ಬೇರೊಂದು ಗಡಿಯಾರದ ಭಾಗಗಳನ್ನು ಕೂಡಿಸಿದ್ದರೆ, ಮುಂಗಡ ಹಿಂದಿರುಗದೆಂಬ ಕರಾರು ಮಾರಿದವರನ್ನು ಕಾಯಲಾರದು.

ಆದುದರಿಂದ ಹಳೆಯ ನಾಣ್ಯವಾಗಲಿ, ಅಂಚೆಚೀಟಿಯಾಗಲಿ, ಗಡಿಯಾರವಾಗಲಿ, ಹಗಲ ಬೆಳಕಿನಲ್ಲಿ ನೋಡಿ, ಬಲ್ಲವರಿಗೆ ತೋರಿಸಿ, ಆಮೇಲೆ ಮುಂಗಡ ಕೊಡತಕ್ಕದ್ದು. ವಸ್ತುವಿನ ವಿವರ, ಪೂರ್ಣ ಬೆಲೆ, ಕೊಟ್ಟ ಹಣ, ಉಳಿದುದನ್ನು ಸಲ್ಲಿಸುವ ದಿನ, ಯಾವ ಸಂದರ್ಭದಲ್ಲಿ ಮುಂಗಡ ಹಿಂದಿರುಗುವುದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ರುಜು ಹಾಕಿದರೆ ಮುಂದೆ ಮನಸ್ತಾಪಕ್ಕೆ ಎಡೆಯಿರದು.

ತರುಣನು ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದುಹೋದನು. ಮುಂದಿನ ಭಾನುವಾರ ಗಡಿಯಾರ ರಿಪೇರಿಯವರೊಬ್ಬರನ್ನು ಕರೆದುಕೊಂಡು ಯಶವಂತಪುರಕ್ಕೆ ಹೋಗಿ, ಹಿಂಬದಿಯ ಮುಚ್ಚಳವನ್ನು ತೆಗೆಸಿ ನೋಡಿ, ಉಳಿದ ಮೂರು ಸಾವಿರದ ಐನೂರನ್ನು ಸಲ್ಲಿಸಿ ಬಂದನು. ಐನೂರು ರೂಪಾಯಿ ಉಳಿಯಿತೆಂದು ನನ್ನೆದುರು ಹೇಳಿದನು. ಉಳಿದುದು ಅದಕ್ಕಿಂತ ಹೆಚ್ಚಿನದೆಂದು ನಾನು ಬಲ್ಲೆನು.