ಲಕ್ಕಮ್ಮ ಅಕ್ಕಿ ಯಾಕ ವಾಪಸ್ ಕಳಿಸಿದ್ಳು?

ರೊಟ್ಟಿ ಬಡಿಲಾಕತ್ತಿದ್ದೆ. "ಅವ್ವಾ, ನಿನ್ನ ಬಾಳಿನ ಗುರಿ ಏನು?" ಅಂತ ಮಗಳು ಕೇಳಿದ್ಳು. "ನಿಮ್ಮನ್ನ ದಡ ಮುಟ್ಟಿಸಿದ್ದಾತಲ್ಲ" ಅಂದೆ. ಅಂದಮ್ಯಾಲ ಎದಿ ಖಾಲಿ ಅನಿಸ್ತು. ಅವರು ದಡ ಮುಟ್ಟಿದ್ರು, ನಾ?

ನಮ್ಮ ಬೋನಾಳದಾಗ ಇಂಥ ಮಾತು ತೆಗದ್ರ, ಅಡಗಿನೂ ಕಾಯಕಾನೇ ಸುಮ್ಕಿರು ಅಂತಾರ ಹಿರ್ಯಾರು. ಕಾಯಕ ಖರೇ. ಸುಮ್ಕಿರೂದು ಮಾತ್ರ ನನಗ ಒಪ್ಪಿಗಿಲ್ಲ.

ಆಯ್ದಕ್ಕಿ ಲಕ್ಕಮ್ಮನ್ನ ನೋಡ್ರಿ. 12ನೇ ಶತಮಾನದಾಕಿ, ಲಿಂಗಸುಗೂರು ಕಡಿ ಅಮರೇಶ್ವರದಾಕಿ. ಗಂಡ ಮಾರಯ್ಯ ಕಲ್ಯಾಣದಾಗ ಉದುರಿದ ಅಕ್ಕಿ ಆಯ್ದು ತರ್ತಿದ್ದ, ಅದರಾಗೇ ಇಬ್ಬರ ದಾಸೋಹ. ಒಂದಿನ ದಿನದಕಿಂತ ಹೆಚ್ಚಿಗಿ ತಂದ. ಇಷ್ಟ್ಯಾಕ ಬೇಕು, ಅಲ್ಲೇ ಸುರುವಿ ಬಾ ಅಂತ ಹೊಳ್ಳಿ ಕಳಿಸಿದ್ಳು ಆಕಿ. ಬೇಯಿಸಿ ಬಡಿಸಿದಾಕಿ ಅಂತ ಯಾರೂ ಆಕಿನ್ನ ನೆನಸಂಗಿಲ್ಲ. ಎಷ್ಟು ಸಾಕು ಅಂತ ಗಂಡಗ ಹೇಳಿದಾಕಿ ಅಂತ ನೆನಸ್ತಾರ. ವಚನಾನೂ ಬರದ್ಳು. ನಮ್ಮ ಸುರಪುರ ಸೀಮಿ ಮುದನೂರಿನ ದಾಸಿಮಯ್ಯನ ಹೆಂಡತಿ ದುಗ್ಗಳೆನೂ ಬರದಾಳ. ಗಂಡನ ಹೆಸರು ಗೊತ್ತು, ಆಕಿದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತೈತ್ರಿ?

ಕೆಲಸ ಅದೇ ಇರ್ಲಿ ಅಕ್ಕಾ, ಅದರಾಗ ನಮ್ಮದೊಂದು ಮಾತು ನಡೀಬೇಕು. ಈ ಸಲ ಭತ್ತ ಮಾರಿದ ರೊಕ್ಕದ ಲೆಕ್ಕ ನನಗೂ ಹೇಳ್ರಿ ಅಂತ ಕೇಳೀನಿ. ಯಜಮಾನ್ರು ಇನ್ನೂ ಉತ್ತರ ಕೊಟ್ಟಿಲ್ಲ.