ಅಕ್ರಮ-ಸಕ್ರಮ: ಬೇಲಿಯಾಚೆಯವರನ್ನು ಕೇಳಿದವರಾರು?

ಪರವಾನಿಗೆಯಿಲ್ಲದೆ ಅಥವಾ ಪರವಾನಿಗೆಯನ್ನು ಮೀರಿ ಕಟ್ಟಿದ ಕಟ್ಟಡಗಳನ್ನು ದಂಡಶುಲ್ಕ ಪಡೆದು ಮಾನ್ಯ ಮಾಡುವ ಯೋಜನೆಗೆ ನಮ್ಮ ರಾಜ್ಯದಲ್ಲಿ ಅಕ್ರಮ-ಸಕ್ರಮವೆಂಬ ಹೆಸರು ರೂಢಿಯಾಗಿದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ ತಿದ್ದುಪಡಿ ತಂದು 2007ರಲ್ಲಿ ಮೊದಲ ಬಾರಿಗೆ ನಿಯಮಗಳನ್ನು ಪ್ರಕಟಿಸಿದಾಗ ಸಾರ್ವಜನಿಕರಿಂದ ತೀವ್ರ ವಿರೋಧ ವ್ಯಕ್ತವಾಗಿ ಯೋಜನೆ ನನೆಗುದಿಗೆ ಬಿತ್ತು. 2014ರಲ್ಲಿ ಹೊಸ ನಿಯಮಾವಳಿ ಹೊರಟಿತು. 2016ರ ಡಿಸೆಂಬರಿನಲ್ಲಿ ರಾಜ್ಯ ಹೈಕೋರ್ಟು ಅದನ್ನು ಎತ್ತಿಹಿಡಿಯಿತಾದರೂ, ಒಂದೇ ತಿಂಗಳಲ್ಲಿ, ಅಂದರೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಸರಕಾರಗಳು ಬಂದವು, ಹೋದವು. ಸಕ್ರಮದ ಭರವಸೆ ಮಾತ್ರ ಚುನಾವಣೆಯಿಂದ ಚುನಾವಣೆಗೆ ಸಾಗಿಬಂತು.

2014ರ ನಿಯಮಗಳ ತಿರುಳು ಇಷ್ಟು: 2013ರ ಅಕ್ಟೋಬರ್ 19ಕ್ಕೆ ಮೊದಲು ಕಟ್ಟಿದ ವಾಸದ ಮನೆಯಲ್ಲಿ ಉಲ್ಲಂಘನೆ ಶೇಕಡಾ 50ನ್ನು, ವಾಣಿಜ್ಯ ಕಟ್ಟಡದಲ್ಲಿ ಶೇಕಡಾ 25ನ್ನು ಮೀರಿರಬಾರದು. ವಾಸದ ಮನೆಯಾದರೆ, ಉಲ್ಲಂಘಿಸಿದ ಭಾಗದ ಮಾರುಕಟ್ಟೆ ಬೆಲೆಯ ಶೇಕಡಾ 6 ಅಥವಾ 8ರಷ್ಟು ಶುಲ್ಕ. ಉದ್ಯಾನ, ರಸ್ತೆ ಮುಂತಾದ ಸಾರ್ವಜನಿಕ ಸ್ಥಳಗಳನ್ನು ನುಂಗಿದ ಕಟ್ಟಡಗಳಿಗೆ ಇದು ಅನ್ವಯಿಸದು.

ಈ ಯೋಜನೆಯನ್ನು ಎದುರುನೋಡುತ್ತ ಬಂದವರೆಲ್ಲ ಕಾನೂನನ್ನು ಧಿಕ್ಕರಿಸಿದವರೆಂದು ಭಾವಿಸುವುದು ನ್ಯಾಯವಲ್ಲ. ಕರಾವಳಿಯ ನಮ್ಮ ಕುಟುಂಬಗಳನ್ನೇ ಗಮನಿಸಿ. ಕೊಲ್ಲಿ ರಾಷ್ಟ್ರದಲ್ಲಿ ದುಡಿದು ಉಳಿಸಿದ ಹಣದಿಂದ ಮೊದಲು ನೆಲಮಹಡಿ; ಹತ್ತು ವರ್ಷಗಳ ಬಳಿಕ ಮಗನ ಮದುವೆಯ ಸಮಯಕ್ಕೆ ಮೇಲೊಂದು ಮಹಡಿ; ತರುವಾಯ ಹಿತ್ತಿಲಿನತ್ತ ಒಂದು ಕೋಣೆ, ಬಾಡಿಗೆಗೊಂದು ಬಿಡಾರ. ಪಾಲಾಗಿ ಪಾಲಾಗಿ ಹತ್ತು ಸೆಂಟ್ಸಿಗೆ ಇಳಿದ ಜಾಗದಲ್ಲಿ ನಾಲ್ಕೂ ಕಡೆ ನಿಯಮದಂತೆ ಬಿಟ್ಟರೆ ಉಳಿಯುವುದೆಷ್ಟು ಎಂಬ ಪ್ರಶ್ನೆಯೂ ಸುಳ್ಳಲ್ಲ. ನಕ್ಷೆ ಬರೆಸಿ, ಕಚೇರಿಗೆ ಹತ್ತಾರು ಬಾರಿ ಅಲೆದು, ಕೊನೆಗೆ ಮೇಸ್ತ್ರಿಯ ಮಾತನ್ನೇ ನಂಬಿ ಕಟ್ಟಿದವರು ಅನೇಕರು. ಇಂಥವರಿಗೆ ಕ್ಷಮೆಯ ಒಂದು ದಾರಿ ಬೇಕೆಂಬುದನ್ನು ಅಲ್ಲಗಳೆಯಲಾಗದು.

ಆದರೆ ಈ ಕ್ಷಮೆಯನ್ನು ನೀಡುವ ಅಧಿಕಾರ ಯಾರದು? ಚರ್ಚೆಗಳಲ್ಲಿ ಹೆಚ್ಚಾಗಿ ಮರೆತುಹೋಗುವ ಅಂಶ ಇದೇ. ಮನೆಯ ಸುತ್ತ ಬಿಡಬೇಕಾದ ತೆರವು ಜಾಗವನ್ನು ಕಾನೂನು ವಿಧಿಸಿದ್ದು ಮನೆಯೊಡೆಯನನ್ನು ಪೀಡಿಸಲಿಕ್ಕಲ್ಲ. ಆ ಜಾಗ ಅವನ ಸೊತ್ತಾದರೂ ಅದರ ಪ್ರಯೋಜನ ಅರ್ಧದಷ್ಟು ನೆರೆಯವನದು: ಅವನ ಕಿಟಕಿಯ ಬೆಳಕು, ಅವನ ಅಡುಗೆಮನೆಯ ಗಾಳಿ, ಮಳೆನೀರು ಹರಿದುಹೋಗುವ ದಾರಿ, ಬೆಂಕಿ ಹತ್ತಿದರೆ ಏಣಿ ಇಡುವ ಸ್ಥಳ. ಮೂರು ಅಡಿ ಬಿಡಬೇಕಾದಲ್ಲಿ ಒಂದೂವರೆ ಅಡಿ ಬಿಟ್ಟವನು ಶೇಕಡಾ 50ರ ಮಿತಿಯೊಳಗೇ ಇದ್ದಾನೆ. ಎರಡೂ ಮನೆಯವರು ಹಾಗೆಯೇ ಕಟ್ಟಿದರೆ ನಡುವೆ ಉಳಿಯುವುದು ಮೂರೇ ಅಡಿ. ಜೂನ್ ತಿಂಗಳಲ್ಲಿ ಎರಡು ತಾರಸಿಗಳ ನೀರು ಆ ಓಣಿಗೆ ಬಿದ್ದರೆ ಗೋಡೆಗಳ ಗತಿಯೇನೆಂದು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಹೀಗಿದ್ದೂ ಸಕ್ರಮವು ಒಡೆಯನಿಗೂ ಸರಕಾರಕ್ಕೂ ನಡುವಣ ವ್ಯವಹಾರವಾಗಿಯೇ ಉಳಿದಿದೆ. ಬೆಳಕು ಕಳೆದುಕೊಂಡವನೊಬ್ಬ, ಶುಲ್ಕ ಪಡೆಯುವವನು ಇನ್ನೊಬ್ಬ. ತನ್ನದಲ್ಲದ ವಸ್ತುವನ್ನು ಸರಕಾರ ಮಾರುತ್ತಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ವಾಸದ ಮನೆಯ ಮಾತು ಹೀಗಾದರೆ ಬಹುಮಹಡಿ ಕಟ್ಟಡದಲ್ಲಿ ಪ್ರಾಣದ ಪ್ರಶ್ನೆಯೇ ಏಳುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದಾಗ, ಹೊಗೆ ತುಂಬಿದ ಮಹಡಿಗಳಿಂದ ಹೊರಬರಲಾಗದೆ 9 ಮಂದಿ ಮಡಿದರು. 2024ರ ಅಕ್ಟೋಬರ್ 22ರಂದು ಅದೇ ನಗರದ ಬಾಬುಸಾಪಾಳ್ಯದಲ್ಲಿ, ಅನುಮತಿಗಿಂತ ಹೆಚ್ಚು ಮಹಡಿ ಏರಿಸಿದ್ದ ನಿರ್ಮಾಣ ಹಂತದ ಕಟ್ಟಡ ಕುಸಿದು ಕಾರ್ಮಿಕರು ಸತ್ತರು. ಅಡಿಪಾಯ ಹೊರಲಾರದ ಮಹಡಿಯನ್ನು ಯಾವ ರಶೀದಿಯೂ ಹೊರಲಾರದು.

ಯೋಜನೆ ಒಂದೇ ಬಾರಿಗೆ ಸೀಮಿತ ಎಂಬ ಆಶ್ವಾಸನೆಯ ಬೆಲೆಯನ್ನು ನೆರೆಯ ತಮಿಳುನಾಡಿನಲ್ಲಿ ಕಾಣಬಹುದು. ಅಲ್ಲಿ 1999ರ ಫೆಬ್ರವರಿ 28ನ್ನು ಗಡುವಾಗಿ ಇಟ್ಟು ಕ್ಷಮೆ ಘೋಷಿಸಲಾಯಿತು; ಮುಂದಿನ ಮೂರು ವರ್ಷ ಗಡುವು ಬೆಳೆಯುತ್ತಲೇ ಹೋಯಿತು. 2006ರಲ್ಲಿ ಮದ್ರಾಸ್ ಹೈಕೋರ್ಟು ಮೊದಲ ಕ್ಷಮೆಯನ್ನು ಒಪ್ಪಿ, ವಿಸ್ತರಣೆಗಳನ್ನು ರದ್ದುಪಡಿಸಿತು. ಆದರೂ 2007ರ ಜುಲೈ 1ಕ್ಕೆ ಮುಂಚಿನ ಕಟ್ಟಡಗಳಿಗಾಗಿ ಮತ್ತೊಂದು ಕಲಮು ಹುಟ್ಟಿತು. ಮುಂದೊಂದು ಗಡುವು ಬಂದೇ ಬರುತ್ತದೆಂದು ಬಿಲ್ಡರುಗಳು ಲೆಕ್ಕ ಹಾಕಿದರೆ ತಪ್ಪು ಯಾರದು? ನಿಯಮದಂತೆ ಜಾಗ ಬಿಟ್ಟು ಸಣ್ಣ ಮನೆಯಲ್ಲೇ ತೃಪ್ತನಾದವನಂತೂ ಮೂರ್ಖನೆನಿಸಿಕೊಂಡ.

2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಬೇರೊಂದು ದಾರಿ ತುಳಿಯಿತು. ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದು. ಪತ್ರಗಳನ್ನು ಪರಿಶೀಲಿಸದೆ ಬ್ಯಾಂಕುಗಳು ಸಾಲ ನೀಡಬಾರದು. ತಪ್ಪು ಪತ್ರ ನೀಡಿದ ಅಧಿಕಾರಿಯ ಮೇಲೆ ಶಿಸ್ತುಕ್ರಮ ಆಗಲೇಬೇಕು. ಈ ಕೊನೆಯ ಮಾತು ಮುಖ್ಯ. ಗೋಡೆ ಏಳುವಾಗ ಆ ದಾರಿಯಲ್ಲೇ ಓಡಾಡಿದ ಅಧಿಕಾರಿಯನ್ನು ಅಕ್ರಮ-ಸಕ್ರಮದ ಚರ್ಚೆಯಲ್ಲಿ ಯಾರೂ ಹೆಸರೆತ್ತಿದ್ದಿಲ್ಲ.

ಆದರೆ ಈ ಕಠಿಣ ಆಜ್ಞೆಯ ಪೆಟ್ಟು ಮೊದಲು ತಗಲಿದ್ದು ಸಣ್ಣವರಿಗೆ. 2025ರಲ್ಲಿ ರಾಜ್ಯದಲ್ಲಿ ಹೊಸ ಮನೆಗಳಿಗೆ ವಿದ್ಯುತ್ ಸಿಗದೆ ಕುಟುಂಬಗಳು ಕಂಗಾಲಾದವು. ಬೆಂಗಳೂರಿನಲ್ಲಿ 1,200 ಚದರ ಅಡಿಯೊಳಗಿನ ನಿವೇಶನದ ಸಣ್ಣ ಮನೆಗಳಿಗೆ ಪತ್ರದಿಂದ ವಿನಾಯಿತಿ ಕೊಟ್ಟು ಸರಕಾರ ಉಸಿರಾಡಿತು. ಸ್ವಂತ ವಾಸದ ಸಣ್ಣ ಮನೆಗೂ ಮಾರಾಟಕ್ಕೆಂದು ಕಟ್ಟಿದ ಬಹುಮಹಡಿಗೂ ಭೇದವೆಣಿಸಿದ್ದು ಸರಿಯೇ. ಮುಂದೆ ಸಕ್ರಮದ ಹೊಸ ನಿಯಮ ಬರುವುದಾದರೆ ಈ ಭೇದ ಅದರಲ್ಲಿರಲಿ. ಗೋಡೆ ಹಂಚಿಕೊಂಡ ನೆರೆಯವರಿಗೆ ನೋಟೀಸು ಕೊಟ್ಟು, ಅವರ ಆಕ್ಷೇಪವನ್ನು ಆಲಿಸಿದ ಮೇಲೆಯೇ ಶುಲ್ಕ ಸ್ವೀಕರಿಸುವ ಕ್ರಮವೂ ಇರಲಿ.

ಅದೇ ತೀರ್ಪಿನಲ್ಲಿ ಇನ್ನೊಂದು ನಿರ್ದೇಶನವಿದೆ. ಕಟ್ಟಡ ಮುಗಿಯುವವರೆಗೂ ಅನುಮೋದಿತ ನಕ್ಷೆಯನ್ನು ಸ್ಥಳದಲ್ಲಿಯೇ ಪ್ರದರ್ಶಿಸಬೇಕು. ನಿಮ್ಮ ಬೀದಿಯಲ್ಲಿ ಈಗ ಏಳುತ್ತಿರುವ ಕಟ್ಟಡದ ಮುಂದೆ ಆ ಹಾಳೆ ತೂಗುತ್ತಿದೆಯೇ? ಇದ್ದರೆ ಮಹಡಿಗಳನ್ನೂ ಬದಿಯ ಜಾಗವನ್ನೂ ಎಣಿಸಿ ನೋಡಬಹುದು. ಇಲ್ಲವಾದರೆ, ಛಾವಣಿಯ ಕಾಂಕ್ರೀಟು ಬೀಳುವ ಮೊದಲೇ ಪಾಲಿಕೆಗೆ ಒಂದು ಪತ್ರ ಬರೆಯಬಹುದು.