ಮೊದಲು ಹೋಗುವುದು ಬ್ಯಾಂಕ್ ಖಾತೆ

ಮಾರ್ಗರೆಟ್ ಆಟ್‌ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಎಂದೊಡನೆ ಕಣ್ಣಿಗೆ ಕಟ್ಟುವುದು ಕೆಂಪು ನಿಲುವಂಗಿ, ಬಿಳಿ ಟೋಪಿ. ಆದರೆ ಆ ಕಾದಂಬರಿಯ ಅತಿ ಭಯಂಕರ ಪ್ರಸಂಗ ನಡೆಯುವುದು ಮಾಮೂಲಿ ಅಂಗಡಿಯೊಂದರಲ್ಲಿ. ನಾಯಕಿ ಸಿಗರೇಟು ಕೊಳ್ಳಲು ಹೋಗುತ್ತಾಳೆ, ಅವಳ ಕಾರ್ಡ್ ನಡೆಯುವುದಿಲ್ಲ. ಅದೇ ದಿನ ಗ್ರಂಥಾಲಯದ ಕೆಲಸವೂ ಹೋಗುತ್ತದೆ. ಅಧಿಕಾರ ಹಿಡಿದ ಹೊಸ ಆಡಳಿತದಲ್ಲಿ ಹೆಂಗಸರು ಇನ್ನು ಆಸ್ತಿ ಹೊಂದುವಂತಿಲ್ಲ, ಅವಳ ಹಣ ಗಂಡನ ಕೈಸೇರುತ್ತದೆ. ಗಂಡ ಒಳ್ಳೆಯವನೇ, ನಾನು ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಆ ಸಾಂತ್ವನವೇ ಅವಳನ್ನು ಚುಚ್ಚುತ್ತದೆ.

1985ರ ಈ ಕೃತಿಯನ್ನು ಭವಿಷ್ಯವಾಣಿ ಎಂದು ಹೊಗಳುವವರಿದ್ದಾರೆ, ಅತಿರೇಕವೆಂದು ತಳ್ಳಿಹಾಕುವವರೂ ಇದ್ದಾರೆ. ಎರಡೂ ಸರಿಯಲ್ಲ. ಮನುಷ್ಯರು ಎಲ್ಲಾದರೂ ಒಮ್ಮೆ ಮಾಡಿರದ ಯಾವುದನ್ನೂ ಸೇರಿಸಬಾರದೆಂಬ ಕಟ್ಟುಪಾಡು ಹಾಕಿಕೊಂಡೇ ಆಟ್‌ವುಡ್ ಬರೆದದ್ದು. ರುಮೇನಿಯಾ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿತು; ಮುಂದೆ ಕೆಲಸದ ಜಾಗದಲ್ಲೇ ಹೆಂಗಸರ ಗರ್ಭ ತಪಾಸಣೆ ನಡೆಯಿತು. 1976ರಲ್ಲಿ ಅಧಿಕಾರ ಕಸಿದುಕೊಂಡ ಅರ್ಜೆಂಟೀನಾದ ಸೇನಾಡಳಿತ ಸೆರೆಯಲ್ಲಿ ಹೆತ್ತವರ ಕೂಸುಗಳನ್ನು ತನಗೆ ಬೇಕಾದವರ ಮನೆಗಳಿಗೆ ಹಂಚಿತು. ಫ್ರಾನ್ಸಿನ ವಿವಾಹಿತೆಯರು ಗಂಡನ ಒಪ್ಪಿಗೆಯಿಲ್ಲದೆ ಬ್ಯಾಂಕ್ ಖಾತೆ ತೆರೆಯಲು 1965ರ ಕಾನೂನಿನವರೆಗೆ ಕಾಯಬೇಕಾಯಿತು.

ಇಲ್ಲಿ ಒಂದು ಆಕ್ಷೇಪವನ್ನು ಒಪ್ಪಲೇಬೇಕು. ಓದು ನಿಷಿದ್ಧ, ಹೆತ್ತ ಮಗು ತನ್ನದಲ್ಲ, ಹೆಸರೂ ಒಡೆಯನದೇ: ಅಮೆರಿಕದ ಕಪ್ಪು ಗುಲಾಮ ಹೆಂಗಸರು ಇದನ್ನೆಲ್ಲ ತಲೆತಲಾಂತರ ಅನುಭವಿಸಿದ್ದರು. ಕಾದಂಬರಿ ಕಪ್ಪು ಜನರನ್ನು ಬೇಗನೆ ಊರಾಚೆ ಸಾಗಿಸಿ, ಆ ಯಾತನೆಯನ್ನು ಬಿಳಿಯ ನಾಯಕಿಯ ಮೇಲೆ ಹೊರಿಸುತ್ತದೆ.

ಎಲ್ಲವೂ ಇತಿಹಾಸದಲ್ಲೇ ಇದ್ದರೆ ಕಾದಂಬರಿ ಯಾಕೆ ಬೇಕು? ಇತಿಹಾಸದಲ್ಲಿ ದೇಶ, ಕಾಲಗಳಲ್ಲಿ ಚದುರಿಹೋದದ್ದನ್ನು ಅದು ಒಬ್ಬಳ ಬದುಕಿನೊಳಗೆ ಅನುಕ್ರಮವಾಗಿ ಜೋಡಿಸುತ್ತದೆ. ಮೊದಲು ದುಡ್ಡು, ಆಮೇಲೆ ದುಡಿಮೆ, ಆಮೇಲೆ ಓದು, ಕೊನೆಗೆ ದೇಹ. ಪ್ರತಿ ಹೆಜ್ಜೆಯೂ ಸದ್ಯಕ್ಕೆ, ಸುರಕ್ಷತೆಗಾಗಿ ಎಂಬ ನೆಪ ಹೊತ್ತೇ ಬರುತ್ತದೆ. ಈ ಅನುಕ್ರಮವನ್ನು ಗುರುತಿಸುವುದನ್ನು ಕಲಿಸುವುದೇ ಇಂಥ ಸಾಹಿತ್ಯದ ದೊಡ್ಡ ಉಪಯೋಗ.

ತಾಲಿಬಾನ್ ಆಳ್ವಿಕೆಯ ಅಫ್ಘಾನಿಸ್ತಾನದಲ್ಲಿ ಅನುಕ್ರಮ ಬೇರೆ, ವಿಧಾನ ಅದೇ. 2021ರ ಸೆಪ್ಟೆಂಬರಿನಲ್ಲಿ ಪ್ರೌಢಶಾಲೆಗಳು ಹುಡುಗರಿಗಷ್ಟೇ ತೆರೆದವು. ಹುಡುಗಿಯರದು ತಾತ್ಕಾಲಿಕ ವಿಳಂಬ ಎಂದರು. ಡಿಸೆಂಬರಿನಲ್ಲಿ, ಹತ್ತಿರದ ಗಂಡು ಸಂಬಂಧಿಯಿಲ್ಲದೆ ಹೆಂಗಸರು 72 ಕಿಲೋಮೀಟರಿಗಿಂತ ದೂರ ಹೋಗಬಾರದೆಂದಾಯಿತು. 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲು ಹೆಂಗಸರಿಗೆ ಮುಚ್ಚಿತು. 2023ರಲ್ಲಿ ಬ್ಯೂಟಿ ಪಾರ್ಲರುಗಳೂ ಹೋದವು. ಸಾವಿರಾರು ಹೆಂಗಸರ ಸಂಪಾದನೆಗೆ ಉಳಿದಿದ್ದ ದಾರಿ ಅದು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಇದಕ್ಕಾಗಿ ತಾಲಿಬಾನಿನ ಸರ್ವೋಚ್ಚ ನಾಯಕನ ವಿರುದ್ಧ ಬಂಧನದ ವಾರಂಟ್ ಹೊರಡಿಸಿದ್ದು 2025ರ ಜುಲೈಯಲ್ಲಿ. ‘ತಾತ್ಕಾಲಿಕ’ ಎಂದು ಹೇಳಿ ಆಗಲೇ ಸುಮಾರು ನಾಲ್ಕು ವರ್ಷ ಕಳೆದಿತ್ತು.